ಮೂರನೇ ತಿರುವಿನ ಜೋಡಿ ಗೆರೆ

"ಜೀಪು ಅಲ್ಲೇ ನಿಲ್ಲಸ್ರಿ! ಗೆರಿ ಮ್ಯಾಲ ಹತ್ತಿಸಬ್ಯಾಡ್ರಿ!"

ಹನುಮಣ್ಣ ಕೂಗಿದ ರಭಸಕ್ಕೆ ಕಾನ್‌ಸ್ಟೇಬಲ್ ಹಂಪಯ್ಯ ಗಕ್ಕನೆ ಬ್ರೇಕ್ ಒತ್ತಿದ. ಜೀಪು ಪೂರ್ತಿ ನಿಲ್ಲುವ ಮೊದಲೇ ಹನುಮಣ್ಣ ಕೆಳಗೆ ಧುಮುಕಿದ್ದ. ಅರವತ್ತೆರಡರ ಮನುಷ್ಯ, ಸಂಡೂರು ಘಾಟಿಯ ಮೂರನೇ ತಿರುವಿನಲ್ಲಿ, ಬೆಳಗಿನ ಏಳೂವರೆಯ ಎಳೆಬಿಸಿಲಿನಲ್ಲಿ ರಸ್ತೆಯ ಮೇಲೆ ಮಂಡಿಯೂರಿಬಿಟ್ಟ.

ಸಬ್ ಇನ್‌ಸ್ಪೆಕ್ಟರ್ ಶಾಂಭವಿ ಅವನ ಬೆನ್ನ ಹಿಂದೆ ಬಂದು ನಿಂತಳು. ಕೆಂಪು ಧೂಳು ಕೂತ ಡಾಂಬರಿನ ಮೇಲೆ ಎರಡು ಕಪ್ಪು ಗೆರೆ. ಕಂಪ್ಲಿಯ ರೈಸ್ ಮಿಲ್ ಮಾಲೀಕ ಈಶ್ವರ್‌ನ ಹಳೆಯ ರೇಸಿಂಗ್ ಕಾರು ಇದೇ ತಿರುವಿನ ಕೆಳಗಿನ ಕಣಿವೆಯಲ್ಲಿ ಸುಟ್ಟ ಸ್ಥಿತಿಯಲ್ಲಿ ಸಿಕ್ಕು ಮೂರು ದಿನವಾಗಿತ್ತು. ಈಶ್ವರ್ ಮಾತ್ರ ಸಿಕ್ಕಿರಲಿಲ್ಲ. ಕರಡಿ ಎಳಕೊಂಡು ಹೋಗಿರಬೇಕು ಎಂದು ಕೆಳಗಿನ ಹಳ್ಳಿಯವರು ಆಗಲೇ ಮಾತು ಮುಗಿಸಿದ್ದರು.

"ಬ್ರೇಕ್ ಹೊಡೆದ ಗುರುತು ಅಂತ ರಿಪೋರ್ಟಿನ್ಯಾಗ ಬರ್ದಾರ," ಎಂದಳು ಶಾಂಭವಿ.

ಹನುಮಣ್ಣ ಬೆರಳ ತುದಿಯಿಂದ ಎಡಗಡೆಯ ಗೆರೆಯನ್ನು ಮುಟ್ಟಿದ. ಆಮೇಲೆ ಬಲಗಡೆಯದನ್ನು. ಕೂತಲ್ಲಿಂದಲೇ ತೆವಳುತ್ತ ತೆವಳುತ್ತ ಇಡೀ ತಿರುವನ್ನು ಅಳೆದ. ಅವನ ಬಿಳಿ ಪೈಜಾಮಾ ಮಂಡಿಯ ಬಳಿ ಅದಿರಿನ ಬಣ್ಣಕ್ಕೆ ತಿರುಗಿತು. ಮೂವತ್ತೈದು ವರ್ಷ ಅದಿರು ಟಿಪ್ಪರ್‌ಗಳ ಕ್ರೌನ್ ಬಿಚ್ಚಿ ಜೋಡಿಸಿದ ಕೈ ಅದು. ಹೊಸಪೇಟೆಯಿಂದ ತೋರಣಗಲ್ಲಿನವರೆಗೆ, ಗಾಡಿಯ ಹಿಂದಿನ ಎಕ್ಸೆಲ್ ನಡುವೆ ಕೂರುವ ಆ ಹಲ್ಲುಚಕ್ರಗಳ ಡಬ್ಬಿಯ ವಿಷಯ ಬಂದರೆ ಹನುಮಣ್ಣ ಮಿಸ್ತ್ರಿಯ ಮಾತೇ ಕೊನೆಯ ಮಾತು. ಈಶ್ವರ್‌ನ ಕಾರಿನ ಕೆಲಸವನ್ನೂ ಅವನೇ ಮಾಡುತ್ತಿದ್ದ. ಅದಕ್ಕೇ ಶಾಂಭವಿ ಅವನನ್ನು ಕರೆತಂದಿದ್ದಳು.

"ಮೇಡಮ್ಮಾರ," ಅವನ ದನಿ ಇಳಿದಿತ್ತು. "ಇದು ಬ್ರೇಕಿನ ಗುರುತಲ್ರಿ. ಬ್ರೇಕ್ ಹೊಡೆದ್ರ ಗೆರಿ ನೆಟ್ಟಗ ಕಣಿವಿ ಕಡೆ ಹೋಗ್ತಿತ್ತು. ಇದು ನೋಡ್ರಿ, ತಿರುವಿನ ಜೋಡಿ ತಾನೂ ತಿರುಗೇತಿ. ಇದು ಎಕ್ಸಲೇಟರ್ ಒತ್ತಿದ ಗುರುತು."

"ಬೀಳೋ ಮುಂಚೆ ಎಕ್ಸಲೇಟರ್ ಯಾಕ ಒತ್ತತಾರ?"

"ಬಿದ್ದಿಲ್ಲಲ್ಲ!"

ಅವನು ಎದ್ದು ತಿರುವಿನ ಆಚೆ ಹತ್ತು ಹೆಜ್ಜೆ ನಡೆದು ನಿಂತ. ಗೆರೆಗಳು ಅಲ್ಲಿ ತೆಳುವಾಗಿ, ನೆಟ್ಟಗಾಗಿ, ರಸ್ತೆಯ ನಡುವೆಯೇ ಕರಗಿಹೋಗಿದ್ದವು. ಕಣಿವೆಯ ಅಂಚು ಅಲ್ಲಿಂದ ಮೂರು ಮಾರು ದೂರ.

"ಈ ಗೆರಿ ಎಳೆದ ಗಾಡಿ ತಿರುವು ದಾಟಿ ಹೋಗೇತ್ರಿ. ಜೀವಂತ ಹೋಗೇತಿ."

ಶಾಂಭವಿ ಕಣಿವೆಯ ಅಂಚಿನತ್ತ ನೋಡಿದಳು.

"ಇನ್ನೊಂದು ಮಾತು. ಅದಿರಿನ ಕೆಸರಿನ್ಯಾಗ ಟಿಪ್ಪರ್ ಸಿಕ್ಕೊಂಡಿದ್ದು ನೋಡೀರಿಲ್ಲ? ಒಂದ ಗಾಲಿ ಗಿರಗಿರ ತಿರಗ್ತದ, ಇನ್ನೊಂದು ಸುಮ್ನ ನಿಂತಿರ್ತದ. ಸಾದಾ ಕ್ರೌನಿನ ಗುಣನ ಅದು. ಯಾವ ಗಾಲಿ ಜಾರ್ತದೋ ಅದಕ್ಕ ಎಲ್ಲಾ ಶಕ್ತಿ ಕೊಟ್ಟುಬಿಡ್ತದ. ತಿರುವಿನ್ಯಾಗ ಜೋರು ಕೊಟ್ರ ಒಳಗಿನ ಗಾಲಿ ಒಂದ ಸುಟ್ಟು ಒಂದ ಗೆರಿ ಬೀಳ್ತದ. ಇಲ್ಲಿ ಎರಡು ಅದಾವ. ಒಂದರಷ್ಟ ಇನ್ನೊಂದು ಕಪ್ಪು. ಅಂದ್ರ ಒಳಗ ಲಿಮಿಟೆಡ್ ಸ್ಲಿಪ್ ಐತಿ. ಜಾರೋ ಗಾಲಿಗೆ ಲಗಾಮು ಹಾಕಿ, ನೆಲ ಹಿಡಿದ ಗಾಲಿಗೂ ಪಾಲು ಕೊಡೋ ಕ್ರೌನ್."

"ಈಶ್ವರ್ ಅವರ ಕಾರಿಗೆ ಅದನ್ನ ಹಾಕಿದ್ರಾ?"

"ಎರಡು ತಿಂಗಳಾತು. ಈ ಕೈಲೇ ಕುಂದ್ರಿಸೀನಿ." ಹನುಮಣ್ಣ ಮತ್ತೆ ಗೆರೆಗಳ ಕಡೆ ತಿರುಗಿದ. "ಆದ್ರ ಸಾಮಾನು ಇದ್ರ ಸಾಲೂದಿಲ್ಲ ಮೇಡಮ್ಮಾರ. ಇಲ್ಲಿ ನೋಡ್ರಿ, ಎಲ್ಲೂ ಒಂದು ಬೆರಳಷ್ಟು ಸೊಟ್ಟ ಇಲ್ಲ. ನಾ ಇಂಥಾ ಗೆರಿ ನೋಡೇ ಇಲ್ಲ."

ಶಾಂಭವಿಯೂ ನೋಡಿದಳು. ಮೂರು ದಿನದಿಂದ ಇದೇ ಗೆರೆಯ ಪಕ್ಕ ಓಡಾಡಿದ್ದಳು, ಫೋಟೋ ತೆಗೆಸಿದ್ದಳು, ಟೇಪು ಹಿಡಿಸಿದ್ದಳು. ಈಗ ಮೊದಲ ಸಲ ಕಂಡಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳ. ನಡುವೆ ಯಾರೋ ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಬರೆದಂಥ ಅರ್ಧಚಂದ್ರ. ಅದನ್ನು ತುಳಿಯಲು ಅವಳಿಗೂ ಮನಸ್ಸು ಬರಲಿಲ್ಲ. ಸುತ್ತಿ ಬಳಸಿ ಜೀಪಿಗೆ ನಡೆದಳು.

ಸಂಡೂರು ಠಾಣೆಯ ಹಿಂದೆ ಬೇವಿನ ಮರದ ಕೆಳಗೆ ಸುಟ್ಟ ಕಾರನ್ನು ಇಳಿಸಿದ್ದರು. ತೊಂಬತ್ತೊಂದರ ಮಾಡೆಲ್, ಎರಡು ಬಾಗಿಲಿನ ಜಪಾನಿ ಗಾಡಿ. ಮುಂಭಾಗ ಬೂದಿ, ಹಿಂಭಾಗ ಅಷ್ಟಾಗಿ ಸುಟ್ಟಿರಲಿಲ್ಲ. ನಂಬರ್ ಪ್ಲೇಟು ಈಶ್ವರ್‌ನದೇ.

ಹನುಮಣ್ಣ ಜಾಕ್ ಹಾಕಿ ಹಿಂಭಾಗ ಎತ್ತಿಸಿದ. "ಆ ಗಾಲಿ ತಿರುವ್ರಿ ಮೇಡಮ್ಮಾರ."

ಶಾಂಭವಿ ಎಡಗಾಲಿಯನ್ನು ಮುಂದಕ್ಕೆ ತಿರುಗಿಸಿದಳು. ಬಲಗಾಲಿ ಕಿರುಗುಟ್ಟುತ್ತ ಹಿಂದಕ್ಕೆ ತಿರುಗಿತು.

"ಅಂದ್ರ ಇದು ಸಾದಾ?"

"ಹಂಗ ಹೇಳಾಕ ಬರೂದಿಲ್ರಿ. ಲಿಮಿಟೆಡ್ ಸ್ಲಿಪ್‌ನ್ಯಾಗ ಎರಡು ಥರ. ಪ್ಲೇಟ್ ಟೈಪ್ ಇದ್ದಿದ್ರ ಎರಡೂ ಗಾಲಿ ಒಂದೇ ಕಡೆ ತಿರಗ್ತಿದ್ವು, ಖಾತ್ರಿ ಆಗಿಬಿಡ್ತಿತ್ತು. ನಾ ಹಾಕಿದ್ದು ಗೇರ್ ಟೈಪು. ಅದು ಗಾಳ್ಯಾಗ ಇದ್ದಾಗ ಸಾದಾ ಕ್ರೌನಿನಂಗ ನಟನಿ ಮಾಡ್ತದ. ನೆಲದ ಮ್ಯಾಲ ಭಾರ ಬಿದ್ದಾಗ ಮಾತ್ರ ತನ್ನ ಗುಣ ತೋರಸ್ತದ. ಬಿಚ್ಚಿ ನೋಡಬೇಕು."

ಹತ್ತು ಬೋಲ್ಟು. ಪ್ರತಿಯೊಂದನ್ನೂ ಅವನು ಎರಡು ಬೆರಳಲ್ಲಿ ಹಿಡಿದು ಒರೆಸಿ ಸಾಲಾಗಿ ಬಟ್ಟೆಯ ಮೇಲಿಟ್ಟ. ಕಪ್ಪು ಎಣ್ಣೆ ತಟ್ಟೆಗೆ ಸುರಿಯಿತು. ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟಾಗ ಶಾಂಭವಿಗೆ ಕಂಡದ್ದು ಒಂದಕ್ಕೊಂದು ಹಲ್ಲು ಕಚ್ಚಿ ಕೂತ ನಾಲ್ಕು ಪುಟ್ಟ ಚಕ್ರ. ಅಷ್ಟು ಬೆಂಕಿ, ಅಷ್ಟು ಆಳಕ್ಕೆ ಬಿದ್ದ ಪೆಟ್ಟು. ಒಳಗೆ ಮಾತ್ರ ಏನೂ ಆಗಿಲ್ಲವೆಂಬಂತೆ ಹೊಳೆಯುತ್ತಿದ್ದವು.

ಹನುಮಣ್ಣ ಒಳಗೆ ಕೈ ಹಾಕಿ ಕಣ್ಣು ಮುಚ್ಚಿದ. ಬೆರಳು ಹಲ್ಲಿನಿಂದ ಹಲ್ಲಿಗೆ ಹೋದವು.

"ಸಾದಾ. ಕಂಪನಿಯಿಂದ ಬಂದಿದ್ದು ಬಂದಂಗ ಐತಿ. ನಾ ಕೈ ಹಾಕಿದ ಕ್ರೌನಿಗೆ ಮೂರು ಚುಕ್ಕಿ ಪಂಚ್ ಮಾಡ್ತೀನಿ. ಇದಕ್ಕ ಇಲ್ಲ." ಕಣ್ಣು ತೆರೆದ. "ಇದು ಈಶ್ವರಪ್ಪಾರ ಗಾಡಿ ಅಲ್ರಿ. ಸ್ಪೇರಿಗಂತ ಇಂಥದ್ದೇ ಇನ್ನೊಂದು ತಂದಿಟ್ಟಿದ್ರು. ಗುಜರಿಗೆ ಹಾಕಿದೆ ಅಂದಿದ್ರು."

ಶಾಂಭವಿ ಬಗ್ಗಿ ಚಾಸಿ ನಂಬರಿನ ಜಾಗ ನೋಡಿದಳು. ಬೆಂಕಿಗೆ ಅಳಿಸಿಹೋಗಿದೆ ಎಂದು ಎಲ್ಲರೂ ನಂಬಿದ್ದ ಆ ಜಾಗದಲ್ಲಿ, ಮಸಿ ಒರೆಸಿದಾಗ, ಉಜ್ಜುಗಲ್ಲಿನ ಗೀರು ಸಾಲುಸಾಲಾಗಿ ಕಂಡವು.

ಅಸಲಿ ಕಾರು ಎಲ್ಲೋ ಇದೆ. ಅದನ್ನು ಓಡಿಸಿದವರೂ ಎಲ್ಲೋ ಇದ್ದಾರೆ.

"ಈಶ್ವರ್ ಇಷ್ಟು ಚಂದ ಓಡಸ್ತಿದ್ರಾ?" ಹೊಸಪೇಟೆಯತ್ತ ಇಳಿಯುವ ಜೀಪಿನಲ್ಲಿ ಅವಳು ಕೇಳಿದಳು.

ಹನುಮಣ್ಣ ಕಿಟಕಿಯಾಚೆ ನೋಡುತ್ತಿದ್ದ. ಅತ್ತಲೇ ಮುಖ ಮಾಡಿ, "ಇಲ್ರಿ," ಎಂದ.

"ಮತ್ತ?"

"ಮನಿತನದ ಹೆಣ್ಮಗಳು. ಆಕಿ ಹೆಸರು ಪೊಲೀಸ್ ಠಾಣ್ಯಾಗ ಯಾಕ ಅಂತ ಬಾಯಿ ಬಿಟ್ಟಿದ್ದಿಲ್ಲ." ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಆ ದಿನ ಗಂಡ ಹೆಂಡ್ತಿ ಇಬ್ರೂ ಶೆಡ್ಡಿಗೆ ಬಂದ್ರು. ಈಶ್ವರಪ್ಪಾರು ಪ್ಲೇಟ್ ಟೈಪೇ ಹಾಕು ಅಂತ ಹಟ. ರೇಸಿನವರೆಲ್ಲಾ ಅದನ್ನ ಹಾಕ್ತಾರಂತ. ನಾ ಹೇಳಿದೆ, ಹಳೇ ಗಾಡಿ, ಪ್ಲೇಟ್ ಟೈಪು ಮೆಲ್ಲಕ ತಿರುಗಿಸಿದಾಗ ಕಟಕಟ ಅಂತದ, ಪ್ಲೇಟು ಸವೀತಾವ, ವರ್ಷಾ ವರ್ಷಾ ಬಿಚ್ಚಬೇಕು. ಕ್ವಾರಿ ಜೀಪಿನವರು ವೆಲ್ಡಿಂಗ್ ಹೊಡೆಸಿ ಎರಡೂ ಗಾಲಿ ಒಂದ ಮಾಡಿಬಿಡ್ತಾರ. ಅದಂತೂ ಬ್ಯಾಡ, ಎಕ್ಸೆಲ್ ಮುರೀತದ. ಗೇರ್ ಟೈಪು ಸದ್ದಿಲ್ಲ, ಸವೆತ ಇಲ್ಲ."

"ಆಮ್ಯಾಲ?"

"ಆಕಿ ಸ್ಟೂಲಿನ ಮ್ಯಾಲ ಸುಮ್ನ ಕುಂತಿದ್ಲು. ಒಂದ ಪ್ರಶ್ನೆ ಕೇಳಿದ್ಲು. 'ಗೇರ್ ಟೈಪಿನ್ಯಾಗ ಒಳಗಿನ ಗಾಲಿ ನೆಲ ಬಿಟ್ಟು ಎದ್ರ ಏನಾಗ್ತದ ಹನುಮಣ್ಣ?' ಅಂತ."

ಹನುಮಣ್ಣನ ಕಣ್ಣು ಅರಳಿದವು. "ಮೂವತ್ತೈದು ವರ್ಷದಾಗ ಯಾವ ಗಂಡಸೂ ನನಗ ಆ ಪ್ರಶ್ನೆ ಕೇಳಿಲ್ಲ ಮೇಡಮ್ಮಾರ. ಅದ ಅದರ ಕೊರತಿ. ಗಾಲಿ ಪೂರಾ ಎದ್ರ ಅದು ಕೈ ಬಿಟ್ಟುಬಿಡ್ತದ, ಸಾದಾ ಕ್ರೌನ್ ಆಗಿಬಿಡ್ತದ. ನಾ ಇದ್ದದ್ದು ಹೇಳಿದೆ. ಆಕಿ ಅಂದ್ಲು, 'ತಿರುವಿಗೆ ಹೋಗೋವಾಗ ಪ್ಲೇಟ್ ಟೈಪು ಗಾಡಿ ಮೂತಿ ಹೊರಗ ದಬ್ತದ, ಅದು ನನಗ ಬ್ಯಾಡ. ಗೇರ್ ಟೈಪ್ ಹಾಕು. ಗಾಲಿ ಏಳದಂಗ ನೋಡ್ಕೊಳ್ಳೋದು ನನ್ನ ಕೆಲಸ.'"

ಆಕೆ ಯಾರೆಂದು ಶಾಂಭವಿಗೆ ಗೊತ್ತಿತ್ತು.

ಸುನಿತಾ. ಮೂರು ದಿನದ ಹಿಂದೆ ಠಾಣೆಯ ಬೆಂಚಿನ ಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತ ಈಶ್ವರ್‌ನ ಹೆಂಡತಿ. ನನಗ ಸ್ಕೂಟಿ ಸುದ್ದಾ ಬರೂದಿಲ್ರಿ ಎಂದು ಹೇಳಿಕೆ ಕೊಟ್ಟು ಸಹಿ ಮಾಡಿದವಳು.

ಹೊಸಪೇಟೆಯ ಬಸ್ ನಿಲ್ದಾಣದ ಬಳಿ ಹನುಮಣ್ಣ ಇಳಿದ. "ಶೆಡ್ಡಿನ್ಯಾಗ ಕೆಲಸ ಐತ್ರಿ. ನೀವು ಕಂಪ್ಲಿಗೆ ಹೋಗ್ರಿ. ಆಕಿ ಮನ್ಯಾಗ ಇರ್ತಾಳ."

ಕಂಪ್ಲಿಯ ಮಿಲ್ಲಿನ ಅಂಗಳದಲ್ಲಿ ಭತ್ತದ ತೌಡಿನ ವಾಸನೆ. ಸುನಿತಾ ಪಡಸಾಲೆಯಲ್ಲಿ ಒಬ್ಬಳೇ ಕೂತಿದ್ದಳು. ನಲವತ್ತೈದರ ಹೆಂಗಸು, ಹತ್ತಿಯ ಸೀರೆ, ಹಣೆಯಲ್ಲಿ ವಿಭೂತಿ.

"ಕುಂದ್ರಿ ಮೇಡಂ. ಸುದ್ದಿ ಏನಾರ...?"

ಶಾಂಭವಿ ಕೂರಲಿಲ್ಲ. "ಮೂರನೇ ತಿರುವಿನ್ಯಾಗ ಒಳಗಿನ ಗಾಲಿ ಏಳದಂಗ ಹ್ಯಾಂಗ ನೋಡ್ಕೊಂಡ್ರಿ?"

ಸುನಿತಾಳ ಮುಖದಲ್ಲಿ ಅಳು ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾದವಳ ಮುಖ ಅದು.

"ಎಡಗಾಲಿಲೇ ಬ್ರೇಕ್ ಒಂಚೂರು ಮುಟ್ಟಬೇಕು," ಎಂದಳು ಮೆಲ್ಲಗೆ. "ಬಲಗಾಲು ಎಕ್ಸಲೇಟರ್ ಮ್ಯಾಲೇ ಇರಬೇಕು. ಹಗೂರಾದ ಗಾಲಿಗೆ ಬ್ರೇಕ್ ತಡೆ ಕೊಡ್ತದ, ಒಳಗಿನ ಗೇರು ಮತ್ತ ಕಚ್ಕೊಂತಾವ."

"ಸ್ಕೂಟಿ ಬರೂದಿಲ್ಲ ಅಂದಿದ್ರಿ."

"ಸ್ಕೂಟಿ ಖರೇವಂದ್ರೂ ಬರೂದಿಲ್ರಿ."

"ಈಶ್ವರ್ ಎಲ್ಲಿ?"

"ಅದಾರ. ಜೀವಂತ ಅದಾರ."

"ಯಾಕ ಬಚ್ಚಿಟ್ರಿ?"

ಸುನಿತಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಒಂದೂವರೆ ತಿಂಗಳ ಹಿಂದ ಫಾರೆಸ್ಟ್ ಗಾರ್ಡ್ ರಾಯಣ್ಣ ಸತ್ರಲ್ಲ, ಆ ಘಾಟಿನ್ಯಾಗ?"

ಅಪರಿಚಿತ ವಾಹನ ಡಿಕ್ಕಿ ಎಂದು ಅವಳ ಮೇಜಿನ ಮೇಲೆಯೇ ಕೂತಿದ್ದ ಕೇಸು. ರಾಯಣ್ಣನ ತಾಯಿ ಭೀಮಮ್ಮ ವಾರಕ್ಕೊಮ್ಮೆ ಠಾಣೆಗೆ ಬಂದು ಏನೂ ಕೇಳದೆ ಕೂತು ಹೋಗುತ್ತಿದ್ದಳು.

"ನಸುಕಿನ್ಯಾಗ ನಾವು ರೇಸಿನ ಪ್ರಾಕ್ಟೀಸಿಗೆ ಹೋಗಿದ್ವಿ. ಅದಿರು ಸಾಗಿಸೋ ಜಂಬುನಾಥನ ಟಿಪ್ಪರ್ ರಾಯಣ್ಣಗ ಬಡಿದಿದ್ದು ನಮ್ಮನಿಯವ್ರು ಕಣ್ಣಾರೆ ನೋಡಿದ್ರು. ಜಂಬುನಾಥಗ ಅದು ಗೊತ್ತಾತು. ಮೊನ್ನೆ ಅದೇ ತಿರುವಿನ ಆಚೆ ಟಿಪ್ಪರ್ ಅಡ್ಡ ನಿಲ್ಲಿಸಿದ್ದ. ಬಂಡೆಗಲ್ಲಿನ ಕಡೆ ಒಂದ ಕಾರಿನಷ್ಟ ಜಾಗ ಇತ್ತು. ನಿಲ್ಸಿದ್ರ ಸಾಯ್ತಿದ್ವಿ. ಅದಕ್ಕ ಒತ್ತಿದೆ."

ಆ ಅರ್ಧಚಂದ್ರ ಶಾಂಭವಿಯ ಕಣ್ಣೆದುರು ಬಂತು.

"ಆಮ್ಯಾಲ ನಮ್ಮನಿಯವ್ರು ಸತ್ರು ಅಂತ ಅಂವ ನಂಬಲಿ ಅಂತ ಸ್ಪೇರ್ ಗಾಡಿ ಕೆಳಗ ಬಿಟ್ವಿ. ಹನುಮಣ್ಣನೇ ಅದನ್ನ ಎಳಕೊಂಡು ಬಂದು ದಬ್ಬಿದ."

"ಯಾರು?"

"ಹನುಮಣ್ಣ."

ಬೆಳಿಗ್ಗೆ ರಸ್ತೆಯ ಮೇಲೆ ಮಂಡಿಯೂರಿದ ಮನುಷ್ಯ, ಕಣ್ಣು ಮುಚ್ಚಿ ಹಲ್ಲು ಎಣಿಸಿದ ಮನುಷ್ಯ, ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನಂತೆ ಒಂದೊಂದೇ ಬಿಚ್ಚಿ ತೋರಿಸಿದ್ದನೇ?

"ಕಾರು ಬ್ಯಾರೆ ಅಂತ ನನಗ ತೋರಿಸಿದ್ದೇ ಹನುಮಣ್ಣ," ಎಂದಳು.

ಈಗ ಮೊದಲ ಸಲ ಸುನಿತಾಳ ಮುಖ ಬಿಳುಚಿತು. "ಅಂವ ಹೇಳಂಗಿರಲಿಲ್ಲ. ಯಾರಿಗೂ ಹೇಳಂಗಿರಲಿಲ್ಲ... ಈಗ ಎಲ್ಲಿ ಅದಾನ ಅಂವ?"

"ಹೊಸಪೇಟ್ಯಾಗ ಇಳದ."

"ಎಷ್ಟು ಹೊತ್ತಾತು?"

"ಒಂದು ತಾಸು."

ಸುನಿತಾ ಆಗಲೇ ಎದ್ದಿದ್ದಳು. "ನಮ್ಮನಿಯವ್ರು ಇರೋದು ಹನುಮಣ್ಣನ ತಂಗಿ ಬಾಳಿತೋಟದಾಗ. ಕಮಲಾಪುರದ ಹತ್ರ. ಬರ್ರಿ ಮೇಡಂ. ನಿಮ್ಮ ಜೀಪಿನ್ಯಾಗ ಹೋದ್ರ ಹೊತ್ತಾಗ್ತದ."

ಮಿಲ್ಲಿನ ಹಿಂದಿನ ಗೋದಾಮಿನಲ್ಲಿ, ಭತ್ತದ ಚೀಲಗಳ ಗೋಡೆಯ ಹಿಂದೆ, ತಾಡಪಾಲಿನಡಿ ಅದು ನಿಂತಿತ್ತು. ಮೂವತ್ತು ವರ್ಷ ದಾಟಿದ ಕಾರು. ಬಣ್ಣ ಅಲ್ಲಲ್ಲಿ ಮಾಸಿತ್ತು. ಮುಂದಿನ ಬಾನೆಟ್ ಮಾತ್ರ ಹೊಸದಾಗಿ ಬಣ್ಣ ಬಳಿದಂತಿತ್ತು.

ಶಂಕಿತಳ ಗಾಡಿಯಲ್ಲಿ ಕೂರಬಾರದೆಂದು ಶಾಂಭವಿಗೆ ಗೊತ್ತಿತ್ತು. ಈಶ್ವರ್‌ನ ಜೀವದ ಪ್ರಶ್ನೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಉಳಿದರ್ಧ, ಆ ಗೆರೆ ಎಳೆದ ಕೈಯನ್ನು ಅವಳು ನೋಡಬೇಕಾಗಿತ್ತು.

"ಹಂಪಯ್ಯ, ಜೀಪಿನ್ಯಾಗ ಹಿಂದ ಬಾ!"

ಹಂಪಯ್ಯನ ಜೀಪು ಎರಡನೇ ತಿರುವಿಗೇ ಕನ್ನಡಿಯಿಂದ ಮಾಯವಾಯಿತು.

ಸುನಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಓಡಿಸುತ್ತಿದ್ದಳು. ಕೈ ಅವಸರಪಡುತ್ತಿರಲಿಲ್ಲ. ಹಸಿರು ಗದ್ದೆ, ಕಾಲುವೆ, ಕಬ್ಬಿನ ಟ್ರ್ಯಾಕ್ಟರ್, ಆಮೇಲೆ ಒಮ್ಮೆಲೇ ಬಂಡೆಗಳ ಗುಡ್ಡ. ಕಾಲುವೆ ಏರಿಯ ಮೇಲೆ ರಸ್ತೆ ಬಲಕ್ಕೆ ಮುರಿಯುವಲ್ಲಿ ಅರ್ಧ ಡಾಂಬರು, ಅರ್ಧ ಮರಳು. ಶಾಂಭವಿ ಬಾಗಿಲ ಹಿಡಿ ಬಿಗಿಹಿಡಿದಳು.

ಕಾರು ಜಾರಲಿಲ್ಲ. ಒಂದು ಗಾಲಿ ಮರಳಿನಲ್ಲಿ ಕೈಬಿಟ್ಟದ್ದು, ಮರುಕ್ಷಣ ಇನ್ನೊಂದು ಅದರ ಭಾರ ಹೊತ್ತುಕೊಂಡದ್ದು ಸೀಟಿನ ಮೂಲಕ ಬೆನ್ನಿಗೆ ಬಂತು. ಕಟಕಟ ಇಲ್ಲ, ಜಗ್ಗಾಟ ಇಲ್ಲ. ಯಾರೋ ದೊಡ್ಡ ಕೈಯಿಂದ ಹಿಂದಿನಿಂದ ಹಿಡಿದು ಮೆಲ್ಲಗೆ ತಿರುಗಿಸಿ ಬಿಟ್ಟಂತೆ ಕಾರು ನೆಟ್ಟಗಾಯಿತು. ಪೊಲೀಸ್ ಕೆಲಸಕ್ಕೆ ಬಂದು ಹನ್ನೊಂದು ವರ್ಷ. ಒಬ್ಬ ಮನುಷ್ಯ ಯಂತ್ರದೊಡನೆ ಹೀಗೆ ಒಂದಾಗುವುದನ್ನು ಅವಳು ಕಂಡಿರಲಿಲ್ಲ.

"ಯಾರು ಕಲಿಸಿದ್ರು?"

"ಯಾರೂ ಇಲ್ಲ. ರೇಸಿನ್ಯಾಗ ಗೆದ್ದ ಕಪ್ ಅವರ ಹೆಸರಿಗೆ, ಗಾಡಿ ಓಡಿಸಿದ್ದು ನಾನು. ಹೆಲ್ಮೆಟ್ ಒಳಗ ಯಾರಿದ್ದಾರ ಅಂತ ಯಾರೂ ನೋಡೂದಿಲ್ಲ ಮೇಡಂ," ಎಂದಳು ಸುನಿತಾ, ರಸ್ತೆಯಿಂದ ಕಣ್ಣು ತೆಗೆಯದೆ. ದನಿಯಲ್ಲಿ ದೂರೂ ಇರಲಿಲ್ಲ, ನಗುವೂ ಇರಲಿಲ್ಲ.

ಇಪ್ಪತ್ತೆರಡು ನಿಮಿಷಕ್ಕೆ ತೋಟ ಬಂತು. ಎತ್ತರದ ಬಾಳೆಗಳ ನಡುವೆ ಕಲ್ಲುಚಪ್ಪಡಿಯ ಒಂದು ಕೋಣೆ. ಹಿಂದೆ ಹಂಪಿಯ ಬಂಡೆಗುಡ್ಡ. ಸುನಿತಾ ಇಳಿದು ಓಡಿದಳು. ಶಾಂಭವಿ ಹಿಂದೆಯೇ ಹೋದಳು.

ಒಳಗೆ ಹಗ್ಗದ ಮಂಚ, ಮಡಿಸದ ಕಂಬಳಿ, ಅರ್ಧ ತಿಂದ ರೊಟ್ಟಿ. ಈಶ್ವರ್ ಇರಲಿಲ್ಲ.

"ಕರ್ಕೊಂಡು ಹೋಗ್ಯಾನ!" ಸುನಿತಾ ಮಂಚದ ಪಟ್ಟಿ ಹಿಡಿದು ಕುಸಿದಳು. "ಜಂಬುನಾಥಗ ಒಪ್ಪಸ್ತಾನ. ನಂಬಿದ್ದೆ ನಾ ಹನುಮಣ್ಣನ್ನ."

ಶಾಂಭವಿ ಹೊಸ್ತಿಲಲ್ಲಿ ನಿಂತಿದ್ದಳು. ಬಾಗಿಲ ಚಿಲಕ ಮುರಿದು ಜೋತಾಡುತ್ತಿತ್ತು. ಅದಕ್ಕೆ ಹಾಕಿದ್ದ ಬೀಗ ನೆಲದಲ್ಲಿ ಬಿದ್ದಿತ್ತು. ಹೊಸ ಬೀಗ. ಚಿಲಕ ಇದ್ದದ್ದು ಬಾಗಿಲ ಹೊರಗಡೆ. ಒಳಗಡೆ ಚಿಲಕವೇ ಇರಲಿಲ್ಲ. ಕಿಟಕಿಯ ಸರಳಿನ ನಡುವೆ ಬೆರಳು ತೂರುವಷ್ಟೂ ಜಾಗವಿರಲಿಲ್ಲ.

"ಹೊರಗಿಂದ ಬೀಗ ಯಾಕ ಹಾಕಿದ್ರಿ?"

"ಬೀಗ ಕಂಡ್ರ ಮನಿ ಖಾಲಿ ಅಂತ ತಿಳಕೊಂತಾರಲ್ಲ, ಅದಕ್ಕ," ಎಂದಳು ಸುನಿತಾ ತಟ್ಟನೆ.

ಸರಿಯಾದ ಉತ್ತರ. ಆದರೆ ಒಂದು ಉಸಿರಷ್ಟೂ ತಡವಿಲ್ಲದೆ ಬಂದ ಉತ್ತರ.

ಶಾಂಭವಿಯ ಫೋನು ಗುಂಯ್‌ಗುಟ್ಟಿತು. ಹನುಮಣ್ಣ. ಅವಳು ಹೊರಗೆ ಬಂದು ಬಾಳೆಯ ನೆರಳಿನಲ್ಲಿ ನಿಂತು ಕಿವಿಗಿಟ್ಟಳು.

"ಹನುಮಣ್ಣ, ಎಲ್ಲಿದ್ದೀರಿ?"

ಆಚೆಯಿಂದ ಬಂದದ್ದು ಹನುಮಣ್ಣನ ದನಿಯಲ್ಲ. ಒಣಗಿದ, ನಡುಗುವ ದನಿ.

"ನಾ ಈಶ್ವರ್ ಮಾತಾಡ್ತೀನಿ. ಆಕಿ ಮಾತು ನಂಬಿ ಗಾಡಿ ದಬ್ಬಿದ್ದ ಹನುಮಣ್ಣ, ನನ್ನ ಕೂಡಿ ಹಾಕ್ಯಾಳ ಅಂತ ಗೊತ್ತಾಗಿ ಬೀಗ ಒಡೆದು ಕರ್ಕೊಂಡು ಬಂದ. ನಿಮ್ಮನ್ನ ಕಂಪ್ಲಿಗೆ ಕಳಿಸಿ ಆಕೀನ ಅಲ್ಲೇ ತಡೆದಿದ್ದಕ್ಕ ಇಷ್ಟರ ಆತು. ಮೇಡಂ, ಆಕಿ ನಿಮಗ ಜಂಬುನಾಥನ ಕಥಿ ಹೇಳಿರಬೇಕು."

"ಹೇಳ್ಯಾರ."

"ಘಾಟಿನ್ಯಾಗ ಟಿಪ್ಪರ್ ಅವತ್ತೂ ಇರಲಿಲ್ಲ, ಮೊನ್ನೆನೂ ಇರಲಿಲ್ಲ; ಆ ಗೆರಿ ಅಪಘಾತ ಅನಸ್ಲಿ ಅಂತ ಆಕಿ ಬೇಕಂತನ ಎಳೆದಿದ್ದು. ರಾಯಣ್ಣಗ ಬಡಿದಿದ್ದು ನಮ್ಮ ಕಾರು. ಸ್ಟೇರಿಂಗ್ ಆಕಿ ಕೈಯಾಗ ಇತ್ತು. ನಾ ಠಾಣೆಗೆ ಹೋಗ್ತೀನಿ ಅಂದ ದಿನದಿಂದ ನನ್ನ... ಮೇಡಂ, ನೀವು ಒಬ್ರೇ ಇಲ್ಲಲ್ಲ?"

ಜೀಪಿನ ಸದ್ದು ಎಲ್ಲೂ ಇರಲಿಲ್ಲ. ಬಾಳೆಯ ಎಲೆಗಳು ಅಲುಗಾಡುತ್ತಿರಲಿಲ್ಲ.

ಶಾಂಭವಿ ಮೆಲ್ಲಗೆ ತಿರುಗಿದಳು. ಸುನಿತಾ ಕೋಣೆಯಿಂದ ಹೊರಬಂದು ನಾಲ್ಕೇ ಹೆಜ್ಜೆ ಆಚೆ ನಿಂತಿದ್ದಳು. ಕಣ್ಣಲ್ಲಿ ನೀರಿನ ಗುರುತೂ ಇರಲಿಲ್ಲ.

"ಯಾರ್ರಿ ಮೇಡಂ ಫೋನಿನ್ಯಾಗ?" ಎಂದಳು. "ಏನಂತಾರ?"